ಕ್ಯಾಚು ಬಿಟ್ಟವನ ಜಾತಿ ಏಕೆ?

ದೋಸೆ ಹೊತ್ತಿದರೆ ಮಾಲಕರು ಬೈಯುತ್ತಾರೆ, ಮಗ್ಗದಲ್ಲಿ ನೂಲು ಹರಿದರೆ ಜಾಬರ ಗದರುತ್ತಾನೆ. ಬೈಯಲಿ, ಅದು ಕೆಲಸದ ಮಾತು. ನಮ್ಮ ಜಾತಿ, ಮತ ಎತ್ತಿದರೆ ಮಾತ್ರ ಸುಮ್ಮನಿರುವುದುಂಟೆ? ಸಂಬಳಕ್ಕೆ ಆಡುವವನೂ ದುಡಿಮೆಗಾರನೇ. ಅವನಿಗೂ ಇದೇ ನ್ಯಾಯ ಸಲ್ಲಬೇಕೆಂದು ನಾವು ಹೇಳುತ್ತೇವೆ.

೨೦೨೨ರ ಏಷ್ಯಾ ಕಪ್ಪಿನಲ್ಲಿ ಪಾಕಿಸ್ತಾನದ ಎದುರು ಅರ್ಷದೀಪ್ ಸಿಂಗ್ ಒಂದು ಕ್ಯಾಚು ಬಿಟ್ಟರು. ಸುಲಭದ ಕ್ಯಾಚು, ಬಿಡಬಾರದಿತ್ತು. ಅಷ್ಟಕ್ಕೇ ಅವರ ಪಗಡಿ ನೋಡಿ ಖಲಿಸ್ತಾನಿ ಎಂದುಬಿಟ್ಟರು! ಹಿಂದಿನ ವರ್ಷ ವಿಶ್ವಕಪ್ಪಿನಲ್ಲಿ ಅದೇ ಪಾಕಿಸ್ತಾನಕ್ಕೆ ಹನ್ನೊಂದು ಮಂದಿಯೂ ಸೇರಿ ಸೋತಾಗ, ಮತದ ಹೆಸರಿನ ಬೈಗುಳ ಬಿದ್ದದ್ದು ಮೊಹಮ್ಮದ್ ಶಮಿಯವರ ಮೇಲೆ.

ತಪ್ಪಿದಾಗ ಹೀಗೆ, ಗೆಲ್ಲಿಸಿದಾಗಲಾದರೂ ಬಿಟ್ಟಾರೆಯೆ? ಪಾಲವಣಕರ ಬಾಳೂ ಅವರನ್ನು ನೆನೆಯಿರಿ. ೧೮೭೬ರಲ್ಲಿ ನಮ್ಮ ಧಾರವಾಡದಲ್ಲಿ, ದಲಿತ ಚರ್ಮಕಾರ ಮನೆತನದಲ್ಲಿ ಹುಟ್ಟಿದವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಮೈದಾನ ಹದಮಾಡಿ, ನೆಟ್ಟು ಕಟ್ಟಿ, ಸಾಹೇಬರ ಅಭ್ಯಾಸಕ್ಕೆ ಚೆಂಡೆಸೆದು ಪಳಗಿದರು. ಅವರ ಎಡಗೈ ಹಿಂದೂ ತಂಡಕ್ಕೆ ಬೇಕಾಯಿತು. ಚಹದ ಹೊತ್ತಿಗೆ ಮಾತ್ರ ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪು, ಅವರಿಗೆ ಹೊರಗೆ ಮಣ್ಣಿನ ಕುಡಿಕೆ. (ದಿನವಿಡೀ ಕಪ್ಪುಬಸಿ ತೊಳೆಯುವ ನಮ್ಮ ಹುಡುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.) ೧೯೧೧ರ ಇಂಗ್ಲೆಂಡ್ ಪ್ರವಾಸದಲ್ಲಿ ೧೧೪ ವಿಕೆಟ್ಟು ಕಿತ್ತರು. ಆದರೂ ಹಿಂದೂ ತಂಡದ ನಾಯಕತ್ವ ಅವರ ಕೈಗೆ ಬರಲಿಲ್ಲ. ೧೯೨೩ರಲ್ಲಿ ಅದು ಅವರ ತಮ್ಮ ವಿಠಲರಿಗೆ ದೊರೆಯಿತು. ಆ ಹೊತ್ತಿಗೆ ಅಣ್ಣನ ಆಟದ ದಿನಗಳು ಮುಗಿದಿದ್ದವು.