ನುಡಿಯ ವಿನಯ, ಸಭೆಯ ಇಂಗ್ಲಿಷು



ಬೆಳಗಾವಿ ಜಿಲ್ಲೆಯಿಂದ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಜಿನಿಯರಿಂಗ್ ಪದವಿ ಪಡೆದು, ಎರಕದ ಬಿಡಿಭಾಗಗಳನ್ನು ಹೊರದೇಶಗಳಿಗೆ ಕಳುಹಿಸುವ ಕಾರ್ಖಾನೆಯೊಂದರಲ್ಲಿ ಉದ್ಯೋಗದಲ್ಲಿದ್ದಾಳೆ. ಆಕೆಯ ಕೆಲಸದಲ್ಲಿ ಯಾರೂ ಕೊರತೆ ಕಂಡಿಲ್ಲ. ಆದರೆ ಇಂಗ್ಲೆಂಡ್ ಮತ್ತು ಅಮೆರಿಕದ ಗಿರಾಕಿಗಳೊಡನೆ ನಡೆಯುವ ಸಭೆಗಳಲ್ಲಿ ಆಕೆಯ ಮಾತು ಒರಟೆಂದು ಮೇಲಧಿಕಾರಿಗಳು ಹೇಳಿದರಂತೆ. ಅಂದಿನಿಂದ ಆಕೆ ಸಭೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದಾಳೆ. “ಮನೆಯಲ್ಲಿ ಹಿರಿಯರೆದುರು ದನಿಯೆತ್ತಿ ಮಾತನಾಡಿದವಳಲ್ಲ. ಅವಳನ್ನು ಒರಟೆನ್ನುವುದು ಹೇಗೆ?” ಎಂಬುದು ತಾಯಿಯ ಪ್ರಶ್ನೆ.

ಈ ಪ್ರಶ್ನೆ ಅನೇಕ ಮನೆಗಳದ್ದು. ಇದಕ್ಕೆ ಉತ್ತರವನ್ನು ಮಗಳ ನಡತೆಯಲ್ಲಿ ಹುಡುಕಬಾರದು, ಎರಡು ಭಾಷೆಗಳ ವ್ಯಾಕರಣದಲ್ಲಿ ಹುಡುಕಬೇಕು.

ಕನ್ನಡದಲ್ಲಿ ಗೌರವವು ಬಹುಮಟ್ಟಿಗೆ ಕ್ರಿಯಾಪದದ ಕೊನೆಯಲ್ಲಿ ನೆಲೆಸಿದೆ. ಕಿರಿಯನಿಗೆ ‘ಕೊಡು’ ಎಂದರೆ ಹಿರಿಯರಿಗೆ ‘ಕೊಡಿರಿ’ ಎನ್ನುತ್ತೇವೆ. ಹುಡುಗನು ‘ಬಂದನು’, ತಂದೆಯವರು ‘ಬಂದರು’, ಪೂಜ್ಯರು ‘ದಯಮಾಡಿಸಿದರು’. ‘ವರದಿಯನ್ನು ಶುಕ್ರವಾರದೊಳಗೆ ಕಳುಹಿಸಿರಿ’ ಎಂಬ ವಾಕ್ಯದಲ್ಲಿ ಕೊನೆಯ ‘ಇರಿ’ ಎಂಬ ಪ್ರತ್ಯಯವೇ ಮರ್ಯಾದೆಯ ಭಾರವನ್ನೆಲ್ಲ ಹೊತ್ತಿದೆ. ಅದನ್ನೇ ‘ಸೆಂಡ್ ದಿ ರಿಪೋರ್ಟ್ ಬೈ ಫ್ರೈಡೇ’ ಎಂದು ಇಂಗ್ಲಿಷಿಗೆ ತಿರುಗಿಸಿದರೆ ಆ ಪ್ರತ್ಯಯ ದಾರಿಯಲ್ಲಿಯೇ ಬಿದ್ದುಹೋಗಿ ಬರಿಯ ಆಜ್ಞೆ ಉಳಿಯುತ್ತದೆ. ನಮ್ಮ ಹುಡುಗಿ ಮನಸ್ಸಿನಲ್ಲಿ ‘ಕಳುಹಿಸಿರಿ’ ಎಂದಿದ್ದಾಳೆ. ಅತ್ತ ಕುಳಿತವರಿಗೆ ‘ಕಳುಹಿಸು’ ಎಂದು ಕೇಳಿಸಿದೆ.

ಹಾಗಾದರೆ ಇಂಗ್ಲಿಷಿನಲ್ಲಿ ‘ನೀವು’ ಇಲ್ಲವೇ? ಇದೆ. ಹಿಂದೆ ಆ ಭಾಷೆಯಲ್ಲಿಯೂ ನಮ್ಮಂತೆ ಎರಡು ರೂಪಗಳಿದ್ದವು. ‘ದೌ’ ಎಂಬುದು ನೀನು, ‘ಯು’ ಎಂಬುದು ನೀವು. ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವನ ಅನುಯಾಯಿಗಳಾದ ಕ್ವೇಕರ್ ಪಂಥದವರು, ದೇವರ ಮುಂದೆ ಎಲ್ಲರೂ ಸಮಾನರೆಂದು ನಂಬಿ, ನ್ಯಾಯಾಧೀಶರನ್ನೂ ಸಿರಿವಂತರನ್ನೂ ‘ದೌ’ ಎಂದೇ ಸಂಬೋಧಿಸಿ ಕಷ್ಟಕ್ಕೆ ಗುರಿಯಾದರು. ಆದರೆ ಭಾಷೆ ಬೇರೆ ದಾರಿ ಹಿಡಿಯಿತು. ಆ ಶತಮಾನ ಮುಗಿಯುವ ವೇಳೆಗೆ ರೂಢಿಯ ಮಾತಿನಿಂದ ‘ದೌ’ ಬಹುಮಟ್ಟಿಗೆ ಮರೆಯಾಗಿ, ಆಳಿಗೂ ಅರಸನಿಗೂ ‘ಯು’ ಒಂದೇ ಉಳಿಯಿತು. ಆದುದರಿಂದ ಇಂದಿನ ‘ಯು’ ನಮ್ಮ ‘ನೀನು’ ಅಲ್ಲ, ‘ನೀವು’. ಹಿರಿಯ ಅಧಿಕಾರಿಯನ್ನು ‘ಯು’ ಎನ್ನಲು ಅಳುಕಿ, ವಾಕ್ಯಕ್ಕೆ ಮೂರು ಬಾರಿ ‘ಸರ್’ ಸೇರಿಸುವ ನಮ್ಮ ತರುಣರು ಇದನ್ನು ನೆನಪಿನಲ್ಲಿಡಬೇಕು.

ಎಲ್ಲರಿಗೂ ಒಂದೇ ಸರ್ವನಾಮವಾದ ಮೇಲೆ ಮರ್ಯಾದೆಯನ್ನು ಬೇರೆಡೆಯಲ್ಲಿ ಇಡಬೇಕಾಗುತ್ತದೆ. ಇಂಗ್ಲಿಷು ಅದನ್ನು ವಾಕ್ಯದ ರಚನೆಯಲ್ಲಿ ಇಟ್ಟಿದೆ. ಸಭೆಯಲ್ಲಿ ಮಾತನಾಡುವವರು ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ ಇದನ್ನು ಅರಿತಿರಬೇಕು.

ಮೊದಲನೆಯದು, ಕೇಳಿಕೊಳ್ಳುವ ಸಂದರ್ಭ. ಆಜ್ಞೆಯನ್ನು ಪ್ರಶ್ನೆಯಾಗಿಸುವುದು ಇಲ್ಲಿಯ ಕ್ರಮ. ‘ಕುಡ್ ಯು ಸೆಂಡ್ ದಿ ರಿಪೋರ್ಟ್ ಬೈ ಫ್ರೈಡೇ?’ ಎಂದರೆ ‘ಕಳುಹಿಸಿಕೊಡಲಾದೀತೇ?’ ಎಂದಂತೆ. ‘ಕುಡ್’ ಎಂಬುದು ‘ಕ್ಯಾನ್’ ಎಂಬುದರ ಭೂತಕಾಲದ ರೂಪ. ‘ವುಡ್’ ಎಂಬುದು ‘ವಿಲ್’ ಎಂಬುದರದು. ಆದರೆ ಇಲ್ಲಿ ಕಳೆದುಹೋದ ಕಾಲದ ಅರ್ಥವಿಲ್ಲ. ಕಾಲದ ದೂರವನ್ನು ಆ ಭಾಷೆಯವರು ಗೌರವದ ದೂರವಾಗಿ ಬಳಸಿಕೊಂಡಿದ್ದಾರೆ. ‘ಪ್ಲೀಸ್’ ಒಂದೇ ಸಾಲದೇ ಎಂದು ಕೆಲವರು ಕೇಳಬಹುದು. ಆಜ್ಞೆಯ ಮುಂದೆ ‘ಪ್ಲೀಸ್’ ಇಟ್ಟರೂ ಅದು ಮೆತ್ತಗಾದ ಆಜ್ಞೆಯೇ ಹೊರತು ಕೋರಿಕೆಯಾಗದು. ಆದುದರಿಂದ ಹೊಸಬರೊಡನೆ ಪ್ರಶ್ನೆಯ ರೂಪವೇ ಕ್ಷೇಮ.

ಎರಡನೆಯದು, ಭಿನ್ನಾಭಿಪ್ರಾಯದ ಸಂದರ್ಭ. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ‘ಯು ಆರ್ ರಾಂಗ್’ ಎಂದರೆ ಬಾಗಿಲು ಮುಚ್ಚಿದಂತೆ. ಮಠದ ಪಾಠಶಾಲೆಗಳಲ್ಲಿ ತರ್ಕಶಾಸ್ತ್ರ ಓದಿದವರಿಗೆ ಒಂದು ನಿಯಮ ತಿಳಿದಿರುತ್ತದೆ: ಎದುರಾಳಿಯ ಪೂರ್ವಪಕ್ಷವನ್ನು ಅವನೇ ಒಪ್ಪುವಂತೆ ಮೊದಲು ನಿರೂಪಿಸಬೇಕು, ಆಮೇಲೆ ತನ್ನ ಸಿದ್ಧಾಂತವನ್ನು ಸ್ಥಾಪಿಸಬೇಕು. ಒಳ್ಳೆಯ ಇಂಗ್ಲಿಷ್ ಸಭೆಯ ಮಾತಿಗೂ ಇದೇ ಕ್ರಮ. ‘ಐ ಸೀ ಯುವರ್ ಪಾಯಿಂಟ್ ಅಬೌಟ್ ದಿ ಕಾಸ್ಟ್. ಮೈ ಕನ್ಸರ್ನ್ ಈಸ್ ದಿ ಡೆಲಿವರಿ ಡೇಟ್.’ ಮೊದಲ ವಾಕ್ಯ ಪೂರ್ವಪಕ್ಷ, ಎರಡನೆಯದು ಸಿದ್ಧಾಂತ. ತಾನು ಹೇಳಿದ್ದು ಎದುರಿನವರಿಗೆ ತಲುಪಿದೆ ಎಂದು ಅರಿತವನು ಅವರ ಮಾತನ್ನೂ ಕೇಳಲು ಸಿದ್ಧನಾಗುತ್ತಾನೆ.

ಮೂರನೆಯದು, ಇಲ್ಲವೆನ್ನುವ ಸಂದರ್ಭ. ನಾವು ಮುಖ ಮುರಿಯಬಾರದೆಂದು ‘ನೋಡೋಣ’ ಎನ್ನುತ್ತೇವೆ. ಕೇಳಿದವರಿಗೆ ಅದು ಆಗದ ಮಾತೆಂದು ಅರ್ಥವಾಗುತ್ತದೆ. ಅದನ್ನೇ ‘ವಿ ವಿಲ್ ಟ್ರೈ’ ಎಂದು ಹೊರದೇಶದ ಗಿರಾಕಿಗೆ ಹೇಳಿದರೆ ಆತ ಅದನ್ನು ಭರವಸೆಯೆಂದೇ ಎಣಿಸಿ ಹಡಗಿನ ದಿನ ಗೊತ್ತುಮಾಡಿಕೊಳ್ಳುತ್ತಾನೆ. ಮಾಲು ಬಾರದಾಗ ನಷ್ಟವಾಗುವುದು ಹಣ ಮಾತ್ರವಲ್ಲ, ನಂಬಿಕೆಯೂ ಹೌದು. ಅದರ ಬದಲು, ‘ಐ ಆಮ್ ಅಫ್ರೇಡ್ ವಿ ಕೆನಾಟ್ ಡು ಇಟ್ ಬೈ ದಿ ಟೆಂತ್. ವಿ ಕ್ಯಾನ್ ಡು ಇಟ್ ಬೈ ದಿ ಫಿಫ್ಟೀನ್ತ್’ ಎನ್ನಬೇಕು. ‘ಐ ಆಮ್ ಅಫ್ರೇಡ್’ ಎಂಬಲ್ಲಿ ಭಯವಿಲ್ಲ. ಅದು ‘ಬೇಸರಿಸಬೇಡಿ’ ಎಂಬಂಥ ಮೃದುವಾದ ಮುನ್ನುಡಿ. ಅದರ ಹಿಂದೆಯೇ ಸ್ಪಷ್ಟವಾದ ಇಲ್ಲವೂ, ಆಗಬಹುದಾದ ದಾರಿಯೂ ಬರಬೇಕು. ವಿನಯದ ಹೆಸರಿನಲ್ಲಿ ಸತ್ಯವನ್ನು ಮರೆಮಾಡುವುದು ಕಾಯಕಧರ್ಮಕ್ಕೆ ಸಲ್ಲದು.

ಇನ್ನು ಕೆಲವು ಪದಗಳ ವಿಚಾರ. ನಮ್ಮಲ್ಲಿ ವಿದ್ಯಾರ್ಥಿ ಎದ್ದು ‘ಐ ಹ್ಯಾವ್ ಎ ಡೌಟ್’ ಎಂದರೆ ಪ್ರಶ್ನೆಯಿದೆ ಎಂದರ್ಥ. ಇಂಗ್ಲೆಂಡಿನವರಿಗೆ ಅದು ನಿಮ್ಮ ಮಾತಿನಲ್ಲಿ ನನಗೆ ನಂಬಿಕೆ ಸಾಲದು ಎಂಬಂತೆ ಕೇಳಿಸಬಹುದು. ‘ಐ ಹ್ಯಾವ್ ಎ ಕ್ವೆಶ್ಚನ್’ ಎಂದರೆ ತೊಡಕಿಲ್ಲ. ‘ಡೂ ದಿ ನೀಡ್‌ಫುಲ್’ ಎಂಬ ಹಳೆಯ ಕಚೇರಿಯ ಮಾತು ನಮ್ಮಲ್ಲಿ ಇನ್ನೂ ಉಳಿದಿದೆ. ಏನು ಮಾಡಬೇಕೆಂಬುದನ್ನು ಮಾತ್ರ ಅದು ಹೇಳುವುದೇ ಇಲ್ಲ.

ಪದಗಳ ಗೊಂದಲ ನಮಗೆ ಮಾತ್ರ ಎಂದು ಯಾರೂ ಕುಗ್ಗಬೇಕಾಗಿಲ್ಲ. ‘ಟು ಟೇಬಲ್’ ಎಂದರೆ ಬ್ರಿಟನ್ನಿನಲ್ಲಿ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳುವುದು, ಅಮೆರಿಕದಲ್ಲಿ ಬದಿಗಿಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಭಯ ದೇಶಗಳ ಸೇನಾಧಿಕಾರಿಗಳು ಇದೇ ಪದದಿಂದಾಗಿ ಬಹಳ ಹೊತ್ತು ಕಟುವಾಗಿ ವಾದಿಸಿ, ಇಬ್ಬರಿಗೂ ಬೇಕಾದುದು ಒಂದೇ ಎಂದು ಆಮೇಲೆ ಕಂಡುಕೊಂಡ ಪ್ರಸಂಗವನ್ನು ವಿನ್‌ಸ್ಟನ್ ಚರ್ಚಿಲ್ ತಮ್ಮ ಯುದ್ಧಚರಿತ್ರೆಯಲ್ಲಿ, 1950ರಲ್ಲಿ ಹೊರಬಂದ ಮೂರನೆಯ ಸಂಪುಟದಲ್ಲಿ, ಬರೆದಿದ್ದಾರೆ. ಇಂಗ್ಲಿಷ್ ತಾಯಿನುಡಿಯಾದವರಿಗೇ ಹೀಗಾಗಿರುವಾಗ, ಅರ್ಥವಾಗದ್ದನ್ನು ‘ಸಾರಿ, ಕುಡ್ ಯು ಸೇ ದಟ್ ಅಗೇನ್?’ ಎಂದು ಕೇಳಲು ನಮಗೆ ಸಂಕೋಚವೇಕೆ?

ಸಭೆ ನಡೆಸುವ ರೀತಿಗೂ ಒಂದು ಚರಿತ್ರೆಯಿದೆ. ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಅಮೆರಿಕದ ಸೇನಾ ಇಂಜಿನಿಯರ್ 1863ರಲ್ಲಿ ಚರ್ಚಿನ ಸಭೆಯೊಂದಕ್ಕೆ ಅಧ್ಯಕ್ಷನಾಗಬೇಕಾಗಿ ಬಂತು. ಸಭೆಯನ್ನು ಹಿಡಿತದಲ್ಲಿಡಲು ಆತನಿಗೆ ತಿಳಿಯಲಿಲ್ಲ. ಸಭೆ ಗದ್ದಲಕ್ಕೆ ತಿರುಗಿತು. ಆ ಅನುಭವದಿಂದ ಸಭಾನಿಯಮಗಳ ಅಭ್ಯಾಸಕ್ಕೆ ತೊಡಗಿ 1876ರಲ್ಲಿ ಆತ ಹೊರತಂದ ನಿಯಮಗ್ರಂಥ, ಅನೇಕ ಪರಿಷ್ಕರಣಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ. ಒಂದು ಸಲಕ್ಕೆ ಒಂದೇ ವಿಷಯ, ಒಬ್ಬರೇ ಮಾತುಗಾರರು, ಮಾತೆಲ್ಲ ಅಧ್ಯಕ್ಷರನ್ನು ಉದ್ದೇಶಿಸಿ, ಯಾರ ಉದ್ದೇಶವನ್ನೂ ಶಂಕಿಸದೆ ವಿಷಯವನ್ನಷ್ಟೇ ವಿಮರ್ಶಿಸುವುದು ಎಂಬುದು ಅದರ ಸಾರ. ನಮ್ಮ ಸಂಘಗಳ, ಸಹಕಾರಿ ಬ್ಯಾಂಕುಗಳ ವಾರ್ಷಿಕ ಸಭೆಗಳನ್ನು ಕಂಡವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಸಭೆಯಲ್ಲಿ ನಿರ್ಭಯವಾಗಿ, ಮರ್ಯಾದೆ ತಪ್ಪದೆ ಮಾತನಾಡುವುದು ಶರಣ ಪರಂಪರೆಗೆ ಪರಕೀಯವಲ್ಲ. ಶೂನ್ಯಸಂಪಾದನೆ ಎಂಬ ಗ್ರಂಥವೇ ಸಂವಾದರೂಪದಲ್ಲಿದೆ. ಅಲ್ಲಿ ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ತುಂಬಿದ ಸಭೆಯಲ್ಲಿ ಅಲ್ಲಮಪ್ರಭುಗಳು ಎಸೆಯುವ ಪ್ರಶ್ನೆಗಳು ಸುಲಭವಾದವಲ್ಲ. ಅಕ್ಕ ತಲೆ ತಗ್ಗಿಸಿ ಸುಮ್ಮನಾಗಲಿಲ್ಲ. ಪ್ರಭುಗಳ ಮೇಲಿನ ಗೌರವವನ್ನೂ ಬಿಡಲಿಲ್ಲ. ಉತ್ತರಗಳ ಬಲದಿಂದಲೇ ಆ ಸಭೆಯ ಮನ್ನಣೆ ಪಡೆದರು. ವಿನಯವೆಂದರೆ ಮೌನವಲ್ಲ, ದಾಸ್ಯವೂ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಮಾದರಿ ಬೇಕೇ? ಒರಟೆನಿಸೀತೆಂಬ ಅಂಜಿಕೆಯಿಂದ ಬಲ್ಲವರು ಸುಮ್ಮನೆ ಕುಳಿತರೆ, ಅವರ ತಿಳಿವಳಿಕೆ ಅವರಿಗೂ ಸಂಸ್ಥೆಗೂ ಸಲ್ಲದೆ ಹೋಗುತ್ತದೆ.

ಕೊನೆಯಲ್ಲಿ ಮನೆಗಳಿಗೊಂದು ಸೂಚನೆ. ವಾರಕ್ಕೊಮ್ಮೆ, ಸಂಜೆಯ ಇಷ್ಟಲಿಂಗಪೂಜೆ, ಪ್ರಸಾದಗಳು ಮುಗಿದ ಮೇಲೆ, ಅರ್ಧ ಗಂಟೆ ಎಲ್ಲರೂ ಕುಳಿತು ಮನೆಯ ಒಂದು ವಿಷಯವನ್ನು ಸಭೆಯ ಕ್ರಮದಲ್ಲಿ ಚರ್ಚಿಸಿರಿ. ಮಕ್ಕಳು ಇಂಗ್ಲಿಷಿನಲ್ಲಿಯೂ ಹಿರಿಯರು ಕನ್ನಡದಲ್ಲಿಯೂ ಮಾತನಾಡಲಿ. ಇಂಗ್ಲಿಷ್ ಬಾರದ ತಾಯಿಯೇ ಅಧ್ಯಕ್ಷರಾಗಲಿ. ಹಿಂದಿನವರ ಮಾತನ್ನು ಒಂದು ವಾಕ್ಯದಲ್ಲಿ ತಿರುಗಿ ಹೇಳಿದ ಬಳಿಕವೇ ತನ್ನ ಮಾತು ಎಂಬ ನಿಯಮವಿರಲಿ. ಸಭೆ ಏಳುವ ಮುನ್ನ ಯಾರು, ಯಾವ ಕೆಲಸವನ್ನು, ಯಾವ ದಿನದೊಳಗೆ ಮಾಡುವರೆಂದು ಒಬ್ಬರು ಬರೆದು ಓದಲಿ. ಆರು ತಿಂಗಳು ಹೀಗೆ ನಡೆದರೆ ನಾಲಿಗೆಯ ಅಳುಕು ತಾನಾಗಿ ಸಡಿಲುತ್ತದೆ. ಕನ್ನಡದ ‘ಇರಿ’ಯನ್ನು ಇಂಗ್ಲಿಷಿನಲ್ಲಿ ಎಲ್ಲಿಡಬೇಕೆಂಬುದೂ ರೂಢಿಯಿಂದಲೇ ಕೈಗೂಡುತ್ತದೆ.