ಹಲಗೆ ಮುಂದೆ, ಹಲಗೆಯವರು ಹಿಂದೆ

ಹೋದ ತಿಂಗಳು ನಮ್ಮ ತಾಲ್ಲೂಕಿನ ಒಂದು ಊರಿಗೆ ಸುದ್ದಿ ಮಾಡಲು ಹೋಗಿದ್ದೆ. ಸೇನೆಯಿಂದ ನಿವೃತ್ತರಾಗಿ ಬಂದ ಹವಾಲ್ದಾರರಿಗೆ ತೆರೆದ ಜೀಪಿನಲ್ಲಿ ಮೆರವಣಿಗೆ. ಮುಂದೆ ಆರು ಮಂದಿ ಹಲಗೆಯವರು. ಬಸ್ ಸ್ಟ್ಯಾಂಡಿನಿಂದ ಹನುಮಪ್ಪನ ಗುಡಿವರೆಗೆ ಬಿಸಿಲಲ್ಲೇ ಬಾರಿಸಿದರು. ಆಮೇಲೆ ಸನ್ಮಾನ, ಭಾಷಣ, ಊಟ. ಹಲಗೆಯವರು ಮಾತ್ರ ಶಾಲೆಯ ಹಿಂದಿನ ಗೋಡೆಯ ನೆರಳಲ್ಲಿ ಕೂತಿದ್ದರು. ಅವರಿಗೆ ಕೊನೆಯ ಪಂಕ್ತಿ.

ಹವಾಲ್ದಾರರು ಅದನ್ನು ನೋಡಿ ಹೇಳಿದ್ದು ಒಂದೇ ಮಾತು: "ನಮ್ಮ ಪಲ್ಟನ್‌ನ್ಯಾಗ ಡ್ರಮ್ ಬಾರಿಸವ್ರು ನಮ್ಮ ಕೂಡ ಒಂದ ಲಂಗರ್‌ನ್ಯಾಗ ಉಣ್ತಿದ್ರು ನೋಡ್ರಿ."

ಆ ಮಾತು ಇನ್ನೂ ಕಿವಿಯಲ್ಲಿದೆ.

ಸೇನೆಯಲ್ಲಿ ಬ್ಯಾಂಡ್ ಅಂದರೆ ಬಾಡಿಗೆಗೆ ಕರೆಸುವ ವಾದ್ಯದವರಲ್ಲ. ಅವರೂ ಸೈನಿಕರೇ. ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಅವರಿಗೆ ಸಂಗೀತದ ತರಬೇತಿ ಇದೆ. ಯುದ್ಧ ಬಂದರೆ ವಾದ್ಯ ಕೆಳಗಿಟ್ಟು ಸ್ಟ್ರೆಚರ್ ಹಿಡಿದು ಗಾಯಾಳುಗಳನ್ನು ಹೊರುತ್ತಾರೆ. ಪ್ರತಿ ಜನವರಿ 29ರಂದು ದೆಹಲಿಯ ವಿಜಯ್ ಚೌಕ್‌ನಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್‌ನಲ್ಲಿ ರಾಷ್ಟ್ರಪತಿಯೇ ಕೂತು ಇವರ ವಾದನ ಕೇಳುತ್ತಾರೆ. ಇಂದು ಸೇನೆ ಹೆಜ್ಜೆ ಹಾಕುವ 'ಕದಂ ಕದಂ ಬಢಾಯೇ ಜಾ' ಮೊದಲು ನೇತಾಜಿಯ ಆಜಾದ್ ಹಿಂದ್ ಫೌಜಿನದು. ಅದಕ್ಕೆ ರಾಗ ಹಾಕಿದ ರಾಮ್ ಸಿಂಗ್ ಠಾಕೂರಿ ಕೂಡ ಸಿಪಾಯಿಯೇ.

ಸೇನೆಯಲ್ಲಿ ಜಾತಿಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಜಾಟ್, ರಜಪೂತ್ ಅಂತ ರೆಜಿಮೆಂಟುಗಳ ಹೆಸರಲ್ಲೇ ಅದಿದೆ. ಅಂಬೇಡ್ಕರರ ತಂದೆ ರಾಮ್‌ಜಿ ಸಕ್ಪಾಲ್ ಸೇನೆಯಲ್ಲಿ ಸುಬೇದಾರರಾಗಿದ್ದರು. ಆದರೂ 19ನೇ ಶತಮಾನದ ಕೊನೆಗೆ ಬ್ರಿಟಿಷರು ಮಹಾರರ ಭರ್ತಿಯನ್ನೇ ನಿಲ್ಲಿಸಿದರು. ಬಾಬಾಸಾಹೇಬರೂ ಸೇರಿ ಹಲವರು ಬೆನ್ನು ಹತ್ತಿದ ಮೇಲೆ 1941ರಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿತು. ಹುಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ಬೆಳಗಾವಿಯಲ್ಲಿ. ಅದರ ಯುದ್ಧಘೋಷ 'ಬೋಲೋ ಹಿಂದುಸ್ತಾನ್ ಕೀ ಜೈ'. ಅದರಲ್ಲಿ ಜಾತಿಯ ಹೆಸರಿಲ್ಲ, ದೇಶದ ಹೆಸರಿದೆ.

ಪಲ್ಟನ್ನಿನ ಅಭಿಮಾನ ಅಂದರೆ ಇದೇ. ಜೊತೆಗೆ ಹೆಜ್ಜೆ ಹಾಕಿದವನು ಜೊತೆಗೇ ಉಣ್ಣುತ್ತಾನೆ. ನಾವು ಸೈನಿಕನಿಗೆ ಹಾರ ಹಾಕುತ್ತೇವೆ, ಡಿಪಿಗೆ ಅವನ ಫೋಟೊ ಹಾಕುತ್ತೇವೆ, ಅವನು ಕಲಿತು ಬಂದದ್ದನ್ನು ಮಾತ್ರ ಊರ ಹೊರಗೇ ಬಿಡುತ್ತೇವೆ.

ಇನ್ನೊಂದು ಮಾತು. ವಾಯುಪಡೆ ಮತ್ತು ನೌಕಾಪಡೆಯಲ್ಲಿ ಅಗ್ನಿವೀರ್ ಮ್ಯುಸಿಶಿಯನ್ ಅಂತಲೇ ಪ್ರತ್ಯೇಕ ಭರ್ತಿ ನಡೆಯುತ್ತದೆ. ಹತ್ತನೇ ಕ್ಲಾಸ್ ಪಾಸಾಗಿರಬೇಕು, ವಾದ್ಯ ಚೆನ್ನಾಗಿ ನುಡಿಸಲು ಬರಬೇಕು. ಮದುವೆ ಬ್ಯಾಂಡ್‌ನಲ್ಲಿ ಟ್ರಂಪೆಟ್, ಡ್ರಮ್ ನುಡಿಸುವ ಹುಡುಗರು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ಅವರಿಗೆ ಈ ಸುದ್ದಿ ಮುಟ್ಟಿಸಿ. ಖಾಯಂ ಆಗುವವರು ನಾಲ್ಕರಲ್ಲಿ ಒಬ್ಬರು ಮಾತ್ರ, ಅದನ್ನೂ ಮುಚ್ಚಿಡದೆ ಹೇಳಿ.

ಮುಂದಿನ ಸಲ ನಿಮ್ಮೂರಿಗೆ ಯೋಧ ಬಂದಾಗ ಹಲಗೆ ಮುಂದೆ ಇರಲಿ, ಹಲಗೆ ಬಾರಿಸಿದವರೂ ಮೊದಲ ಪಂಕ್ತಿಯಲ್ಲೇ ಇರಲಿ. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಎಲ್ಲರ ಜೊತೆ ಇನ್ನೂ ಆರು ಎಲೆ ಹಾಕಿದರೆ ಸಾಕು.