ಸೂಲಗಿತ್ತಿಗೆ ಪದ್ಮಶ್ರೀ, ಬಸುರಿಗೆ ಮುಚ್ಚಿದ ಬಾಗಿಲು

ಮೊನ್ನೆ ನಮ್ಮ ಊರಿನ ಕಲ್ಯಾಣಮಂಟಪವೊಂದರಲ್ಲಿ ಸಭೆ ನಡೆಯಿತು. ವೇದಿಕೆಯ ಮೇಲಿದ್ದ ದೊಡ್ಡಮನುಷ್ಯರೊಬ್ಬರು ನಮ್ಮ ಪ್ರಾಚೀನ ಪದ್ಧತಿಗಳನ್ನು ಕೊಂಡಾಡುತ್ತ, "ನಮ್ಮ ಅಜ್ಜಿಯರು ಮನೆಯಲ್ಲಿಯೇ ಹತ್ತು ಹನ್ನೆರಡು ಹೆತ್ತರು, ಯಾವ ಆಸ್ಪತ್ರೆ ಇತ್ತು? ಈಗಿನ ಹೆಣ್ಣುಮಕ್ಕಳಿಗೆ ನೋವು ತಡೆಯುವ ಶಕ್ತಿಯಿಲ್ಲ" ಎಂದು ಅಪ್ಪಣೆ ಕೊಡಿಸಿದರು. ಸಭಿಕರು ಚಪ್ಪಾಳೆ ತಟ್ಟಿದರು. ಈ ಮಹನೀಯರ ಇಬ್ಬರು ಸೊಸೆಯರೂ ಬೆಂಗಳೂರಿನ ತಂಪು ಕೋಣೆಗಳಲ್ಲಿ ಹೆತ್ತುಬಂದವರೆಂಬುದು ಚಪ್ಪಾಳೆ ತಟ್ಟಿದವರಿಗೆ ತಿಳಿಯದ ಸಂಗತಿಯೇನಲ್ಲ. ಪ್ರಾಚೀನ ಪದ್ಧತಿ ಯಾವಾಗಲೂ ಪಕ್ಕದ ಮನೆಯವರಿಗೆ!

ಅಜ್ಜಿಯರು ಹತ್ತು ಹೆತ್ತದ್ದು ನಿಜ. ಎಷ್ಟು ಉಳಿದವೆಂದು ಯಾರಾದರೂ ಕೇಳಿದ್ದುಂಟೆ? ನಮ್ಮ ಅಜ್ಜಿ ಒಂಬತ್ತು ಹೆತ್ತಳು, ನಾಲ್ಕು ಉಳಿದವು. ಅವಳ ತಂಗಿ ಚೊಚ್ಚಲ ಹೆರಿಗೆಯಲ್ಲಿಯೇ ಕಸ ಬೀಳದೆ, ನೆತ್ತರು ಹರಿದು, ಗಾಡಿ ಕಟ್ಟುವಷ್ಟರಲ್ಲಿ ತೀರಿಕೊಂಡಳು. ಅಜ್ಜಿ ಆ ಕಥೆ ಹೇಳುವಾಗ ಪದ್ಧತಿಯನ್ನು ಹೊಗಳಿದ್ದನ್ನು ನಾವು ಕೇಳಿಲ್ಲ.

ಆದರೆ ಇಷ್ಟಕ್ಕೇ ಸೂಲಗಿತ್ತಿಯನ್ನು ಕೊಲೆಗಾತಿ ಎನ್ನುವವರ ಪಂಕ್ತಿಗೂ ನಾವು ಸೇರಿದವರಲ್ಲ. ಇತಿಹಾಸ ಸ್ವಲ್ಪ ಬೇರೆ ಮಾತು ಹೇಳುತ್ತದೆ. 1840ರ ದಶಕದಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ವಾರ್ಡುಗಳು ಎರಡಿದ್ದವು. ಒಂದರಲ್ಲಿ ಡಾಕ್ಟರರೂ ವೈದ್ಯ ವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರರ ವಾರ್ಡಿನಲ್ಲಿ ಬಾಣಂತಿ ನಂಜಿನಿಂದ ಸಾಯುವವರು ಸೂಲಗಿತ್ತಿಯರ ವಾರ್ಡಿಗಿಂತ ಎರಡು ಮೂರು ಪಾಲು ಹೆಚ್ಚು. ಬಡ ಹೆಂಗಸರು ತಮ್ಮನ್ನು ಎರಡನೆಯ ವಾರ್ಡಿಗೇ ಸೇರಿಸಿರೆಂದು ಕಾಲು ಹಿಡಿಯುತ್ತಿದ್ದರು. ಸೆಮ್ಮೆಲ್‌ವೈಸ್ ಎಂಬ ಡಾಕ್ಟರು 1847ರಲ್ಲಿ ಕಾರಣ ಕಂಡುಹಿಡಿದ: ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಬಂದು ಬಸುರಿಯನ್ನು ಮುಟ್ಟುತ್ತಿದ್ದರು. ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿರೆಂದು ಆತ ಕಟ್ಟುಮಾಡಿದ ಮೇಲೆ ಸಾವು ಇಳಿಯಿತು. ದೊಡ್ಡ ಡಾಕ್ಟರರಿಗೆ ಅದು ಅವಮಾನವೆನಿಸಿತು. ತಮ್ಮ ಕೈ ಕೊಳೆಯೆಂದು ಒಪ್ಪಿಕೊಳ್ಳುವುದು ಯಾವ ಕಾಲದಲ್ಲಿಯೂ ದೊಡ್ಡವರಿಗೆ ಕಷ್ಟ.

ಹಾಗಾದರೆ ಕೊಲ್ಲುವುದು ಮನೆಯಲ್ಲ, ಉಳಿಸುವುದು ಕಟ್ಟಡವಲ್ಲ. ನಂಜು, ನೆತ್ತರು ಹರಿಯುವುದು, ಅಡ್ಡ ಬಿದ್ದ ಮಗು, ಏರಿದ ರಕ್ತದೊತ್ತಡ, ಇವು ಕೊಲ್ಲುತ್ತವೆ. ಇವನ್ನು ಬಲ್ಲ ಕೈ, ಹೊತ್ತಿಗೆ ಸಿಗುವ ಔಷಧ, ಹೊತ್ತಿಗೆ ಬರುವ ಗಾಡಿ ಉಳಿಸುತ್ತವೆ.

ದೂರದ ವಿಯೆನ್ನಾ ಬೇಡ, ನಮ್ಮ ಬೆಳಗಾವಿ ಜಿಲ್ಲೆಯನ್ನೇ ನೋಡೋಣ. ಅಲ್ಲಿಯ ಹಳ್ಳಿಗಳಲ್ಲಿ ಮನೆಗಳಲ್ಲಿಯೂ ಉಪಕೇಂದ್ರಗಳಲ್ಲಿಯೂ ಹೆರಿಗೆ ಮಾಡಿಸುತ್ತಿದ್ದ ಸರಕಾರಿ ದಾದಿಯರ ಕೈಯಿಂದಲೇ ಒಂದು ಪರೀಕ್ಷೆ ನಡೆದು, ಅದರ ಫಲ 2006ರಲ್ಲಿ ಪ್ರಕಟವಾಯಿತು. 1,620 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಮಗು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದರು. ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾಗಿ ನೆತ್ತರು ಹೋಯಿತು. ಔಷಧ ನುಂಗಿದವರಲ್ಲಿ 6.4 ಮಂದಿಗೆ ಮಾತ್ರ. ಇದಕ್ಕೆ ಏಳಂತಸ್ತಿನ ಆಸ್ಪತ್ರೆ ಬೇಕಾಗಲಿಲ್ಲ. ಅಗ್ಗದ ಗುಳಿಗೆ, ತರಬೇತಾದ ಒಬ್ಬ ದಾದಿ, ಇಷ್ಟೇ. ನಮ್ಮ ಬಡ ಹೆಂಗಸರು ಪರೀಕ್ಷೆಗೆ ಒಡ್ಡಿಕೊಂಡು ಜಗತ್ತಿಗೆ ಕೊಟ್ಟ ತಿಳಿವಳಿಕೆ ಇದು. ಆ ಮೇಲೆ ಪ್ರತಿ ಕೇರಿಗೂ ಅಂಥ ದಾದಿ ಬಂದಳೆ? ಓದುಗರು ತಮ್ಮ ತಮ್ಮ ಕೇರಿಯನ್ನು ನೋಡಿಕೊಂಡು ಉತ್ತರ ಹೇಳಲಿ.

ಇನ್ನು ಪಾವಗಡ ತಾಲ್ಲೂಕು ಕೃಷ್ಣಾಪುರದ ನರಸಮ್ಮನವರ ಮಾತು. ಅಕ್ಷರ ಕಲಿಯದ ಈ ತಾಯಿ ಒಂದು ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಭಾರತ ಸರಕಾರ ಪದ್ಮಶ್ರೀ ಕೊಟ್ಟಿತು, ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಆ ಪ್ರಶಸ್ತಿಗೆ ನಾವು ತಲೆಬಾಗುತ್ತೇವೆ. ಆದರೆ ಒಂದು ಸಂಶಯ ನಮ್ಮನ್ನು ಬಿಡದು. ಒಬ್ಬ ಸೂಲಗಿತ್ತಿಗೆ ಶಾಲು ಹೊದಿಸಿದ ಸರಕಾರ ಉಳಿದ ಸಾವಿರಾರು ಸೂಲಗಿತ್ತಿಯರಿಗೆ ಏನು ಮಾಡಿತು? ಎಪ್ಪತ್ತರ ದಶಕದಲ್ಲಿ ಅವರನ್ನು ಕರೆದು ತರಬೇತಿ ಕೊಟ್ಟರು: ಕೈ ಶುದ್ಧ, ಹಾಸು ಶುದ್ಧ, ಬ್ಲೇಡು ಶುದ್ಧ, ದಾರ ಶುದ್ಧ, ಹೊಕ್ಕುಳು ಶುದ್ಧ. ಆ ಮೇಲೆ 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಸ್ಪತ್ರೆ ಹೆರಿಗೆಯೊಂದೇ ಮಂತ್ರವಾಯಿತು, ಅವರನ್ನು ಹಳೆಯ ಮೊರದಂತೆ ಹಿತ್ತಲಿಗೆ ಎಸೆದರು. ಪಿಂಚಣಿಯಿಲ್ಲ, ಆಸ್ಪತ್ರೆಯಲ್ಲಿ ಒಂದು ಆಯಾ ಕೆಲಸವೂ ಇಲ್ಲ. ಅವರ ಕೈ ನೆತ್ತರು ಮುಟ್ಟಿದ ಕೈಯೆಂದು ಹೊರಗೆ ಕೂರಿಸಿ ಮೊರದಲ್ಲಿ ಅಕ್ಕಿ, ಹಳೆಯ ಸೀರೆ ಕೊಟ್ಟು ಕಳಿಸಿದವರು ನಾವೇ. ಸರಕಾರವೂ ನಮ್ಮಿಂದಲೇ ಕಲಿತಿರಬೇಕು.

ಆಸ್ಪತ್ರೆ ಹೆರಿಗೆಯಿಂದ ಪ್ರಯೋಜನವಾಗಿಲ್ಲವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವವನು ಸುಳ್ಳುಗಾರ. 2004-06ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ ಅದು 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಅವಧಿಯಲ್ಲಿ ಕೇರಳದ ಲೆಕ್ಕ 19. ಉಳಿದ 50 ಹೆಣಗಳಿಗೆ ಉತ್ತರ ಹೇಳತಕ್ಕವರು ಯಾರು?

2022ರ ನವೆಂಬರ್ ತಿಂಗಳಲ್ಲಿ ತುಮಕೂರಿನಲ್ಲಿ ನಡೆದದ್ದನ್ನು ಮರೆಯಬಾರದು. ತಮಿಳುನಾಡಿನಿಂದ ಬಂದು ನೆಲೆಸಿದ್ದ, ದಿಕ್ಕಿಲ್ಲದ ಬಸುರಿ. ನೋವು ಬಂದಾಗ ನೆರೆಹೊರೆಯವರು ಚಿಲ್ಲರೆ ಕೂಡಿಸಿ ಆಟೋದಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲವೆಂದು ಅವಳನ್ನು ಸೇರಿಸಿಕೊಳ್ಳಲಿಲ್ಲವೆಂದು ಎಲ್ಲ ಪತ್ರಿಕೆಗಳೂ ಬರೆದವು. ಮನೆಗೆ ಮರಳಿದವಳು ಅವಳಿ ಮಕ್ಕಳನ್ನು ಹೆರುತ್ತ, ಮಕ್ಕಳೊಡನೆ ಸತ್ತಳು. ಕೆಲವರನ್ನು ಅಮಾನತು ಮಾಡಿದರು. ಅವಳದೂ ಮನೆಯಲ್ಲಿ ಆದ ಹೆರಿಗೆಯೇ. ಕಲ್ಯಾಣಮಂಟಪದ ಮಹನೀಯರು ಇದನ್ನು ಯಾವ ಪ್ರಾಚೀನ ಪದ್ಧತಿಗೆ ಸೇರಿಸುತ್ತಾರೋ!

2024ರ ನವೆಂಬರಿನಲ್ಲಿ ಬಳ್ಳಾರಿ. ಅಲ್ಲಿ ಹೆಂಗಸರು ಬಾಗಿಲ ಒಳಗೇ ಇದ್ದರು. ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಏರಿಸಿದ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಿತ್ತು, ರಾಜ್ಯದಲ್ಲೆಲ್ಲ ಗದ್ದಲವೆದ್ದಿತು. ಇಂಥ ಸುದ್ದಿ ಕೇಳಿದ ಬಡ ಹೆಣ್ಣುಮಗಳು ಆಸ್ಪತ್ರೆಗೆ ಹೆದರಿದರೆ ಅವಳನ್ನು ಮೂಢಳೆನ್ನಲು ನಮಗೆ ಬಾಯಿ ಬರುವುದಿಲ್ಲ.

ಹೆದರಿದವಳು ಎಲ್ಲಿಗೆ ಹೋಗುತ್ತಾಳೆ? ಬಸ್‌ಸ್ಟ್ಯಾಂಡಿನ ಹತ್ತಿರದ ನರ್ಸಿಂಗ್ ಹೋಮಿಗೆ. ಅಲ್ಲಿ ಚಾಕು ಸಿದ್ಧವಾಗಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14.3 ಹೆರಿಗೆ ಸಿಸೇರಿಯನ್, ಖಾಸಗಿಯಲ್ಲಿ 47.4. ನೂರಕ್ಕೆ 10ರಿಂದ 15 ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿಯೇ ಹೇಳಿತ್ತು. ಕಷ್ಟದ ಹೆರಿಗೆಗಳು ಕೆಲವು ಖಾಸಗಿಗೆ ಹೋಗುತ್ತವೆ, ಒಪ್ಪೋಣ. ಮೂರು ಪಾಲಿಗೂ ಮೀರಿದ ವ್ಯತ್ಯಾಸವನ್ನು ಅದರಿಂದಲೇ ಮುಚ್ಚಲು ಸಾಧ್ಯವೆ? ತಾನಾಗಿ ಆಗುವ ಹೆರಿಗೆಗೆ ಹನ್ನೆರಡು, ಹದಿನಾಲ್ಕು ತಾಸು ಕಾಯಬೇಕು. ಕೊಯ್ದರೆ ಒಂದು ತಾಸು, ಬಿಲ್ಲು ಹಲವು ಪಟ್ಟು. ಸಣ್ಣ ವ್ಯಾಪಾರಿಗಳಾದ ನಮ್ಮ ಓದುಗರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮಿಲ್ ಚಾಳಿನ ಒಬ್ಬ ಹೆಣ್ಣುಮಗಳ ಕಥೆ ಇದು. ನಾವು ಮೇಷ್ಟರಾಗಿದ್ದಾಗ ನಮ್ಮ ಬಳಿ ಮಗ್ಗಿ ಕಲಿತವಳು, ಈಗ ನೂಲು ಸುತ್ತುವ ಖಾತೆಯಲ್ಲಿ ಕೆಲಸ. ಗುತ್ತಿಗೆದಾರನ ಪುಸ್ತಕದಲ್ಲಿ ಹೆಸರು ಒಂದು ತಿಂಗಳು ಇರುತ್ತದೆ, ಮೂರು ತಿಂಗಳು ಇರುವುದಿಲ್ಲ. ಹೆರಿಗೆ ಸೌಲಭ್ಯದ ಕಾನೂನು 1961ರಲ್ಲಿ ಬಂತು, 2017ರಲ್ಲಿ ರಜೆ 26 ವಾರಕ್ಕೆ ಏರಿತು. ಅವಳಿಗೆ ದಕ್ಕಿದ್ದು 26 ದಿನವೂ ಅಲ್ಲ. ಮೂರು ವರ್ಷದ ಕೆಳಗೆ ಚೊಚ್ಚಲಕ್ಕೆ ನರ್ಸಿಂಗ್ ಹೋಮ್ ಒಂದಕ್ಕೆ ಹೋದಳು. ನೋವು ಶುರುವಾಗಿ ನಾಲ್ಕು ತಾಸಾಗಿತ್ತು, ಅಷ್ಟೆ. "ಮಗುವಿಗೆ ಉಸಿರು ಕಟ್ಟುತ್ತಿದೆ, ಸಹಿ ಹಾಕು" ಎಂದರು. ಗಂಡ ಸಹಿ ಹಾಕಿದ. ಯಾವ ಗಂಡ ಹಾಕುವುದಿಲ್ಲ? ಮಗು ಹುಟ್ಟಿದ ಕೂಡಲೇ ಗಟ್ಟಿಯಾಗಿ ಅತ್ತಿತು. ಬಿಲ್ಲಿಗೆ ಅವನ ತರಕಾರಿ ತಳ್ಳುಗಾಡಿಯೂ ಅವಳ ಕಿವಿಯೋಲೆಯೂ ಹೋದವು. ಬಡ್ಡಿ ಇನ್ನೂ ನಡೆದಿದೆ.

ಈಗ ಅವಳು ಮತ್ತೆ ಬಸುರಿ. ಕಳೆದ ತಿಂಗಳು ನಮ್ಮ ಕಚೇರಿಗೆ ಬಂದಳು. "ಮೇಷ್ಟ್ರೇ, ಈ ಸಲ ನಾನು ಮನೇಲೇ ಹೆರ್ತೀನಿ. ಯಾರಾದ್ರೂ ಸೂಲಗಿತ್ತಿ ಇದ್ರೆ ಹುಡುಕಿಕೊಡಿ" ಎಂದಳು. ನಾವು ಬಲ್ಲ ದಾದಿಯೊಬ್ಬರನ್ನು ಕೇಳಿಬಂದು ಅವಳಿಗೆ ಬೇಡವೆನ್ನಬೇಕಾಯಿತು. ಒಮ್ಮೆ ಕೊಯ್ದು ಹೊಲಿದ ಗರ್ಭಕೋಶ ನೋವಿನ ಒತ್ತಡಕ್ಕೆ ಹಳೆಯ ಗಾಯದಲ್ಲಿ ಬಿರಿಯಬಹುದು. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಆದಾಗ ತಾಯಿಗೂ ಮಗುವಿಗೂ ಉಳಿಯುವುದು ಕೆಲವೇ ನಿಮಿಷ. ಅಂಥವಳಿಗೆ ಹೆರಿಗೆ ಆಗಬೇಕಾದದ್ದು ತಕ್ಷಣ ಕೊಯ್ಯಬಲ್ಲ ಆಸ್ಪತ್ರೆಯಲ್ಲಿಯೇ. ಮೊದಲನೆಯ ಸಲ ಚಾಕು ಬೇಕಿತ್ತೋ ಇಲ್ಲವೋ ನಾವು ಪ್ರಮಾಣ ಮಾಡಿ ಹೇಳಲಾರೆವು. ಬೇಡವಾಗಿದ್ದರೆ ಅಂದು ಕಿತ್ತುಕೊಂಡದ್ದು ಕಿವಿಯೋಲೆಯನ್ನಷ್ಟೇ ಅಲ್ಲ. "ಹಾಗಾದ್ರೆ ಎಲ್ಲಿಗೆ ಹೋಗ್ಲಿ?" ಎಂದು ಕೇಳಿದಳು. ಊರಿನ ಸರಕಾರಿ ಆಸ್ಪತ್ರೆಯಲ್ಲಿ ರಾತ್ರಿ ಅರಿವಳಿಕೆ ಕೊಡುವ ಡಾಕ್ಟರು ಇಲ್ಲ. ನಾವು ಸುಮ್ಮನೆ ಕುಳಿತೆವು.

ಇತ್ತ ಪೇಟೆಗಳಲ್ಲಿ ಹೊಸ ಹುಚ್ಚೊಂದು ಹುಟ್ಟಿದೆ. ಸಹಜ ಹೆರಿಗೆ ಎಂದು ಫೋನಿನಲ್ಲಿ ಚಿತ್ರ ನೋಡಿ, ದಾದಿಯೂ ಇಲ್ಲದೆ ಮನೆಯಲ್ಲಿ ಹೆರುವುದು. 2018ರಲ್ಲಿ ತಿರುಪ್ಪೂರಿನಲ್ಲಿ ಹೀಗೆ ಒಬ್ಬ ತಾಯಿ ನೆತ್ತರು ಹರಿದು ಸತ್ತಳು. ಇದಕ್ಕೆ ವಿಲಾಯತಿಯ ಉದಾಹರಣೆ ಕೊಡುವವರುಂಟು. ಕೊಡಲಿ, ಆದರೆ ಪೂರ್ತಿ ಕೊಡಲಿ. ಇಂಗ್ಲೆಂಡಿನಲ್ಲಿ 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿದ್ದೇನು? ತೊಡಕಿಲ್ಲದ ಬಸುರಿಯರಲ್ಲಿ, ಮೊದಲೇ ಹೆತ್ತವರಿಗೆ ಮನೆ ಹೆರಿಗೆಯಿಂದ ಮಗುವಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ. ಚೊಚ್ಚಲಿನವರಲ್ಲಿ ಮಗುವಿಗೆ ಕೆಡುಕಾದದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದರೆ ಮನೆಯಲ್ಲಿ 9.3. ಮನೆಯಲ್ಲಿ ಶುರುಮಾಡಿದ ಚೊಚ್ಚಲಿನವರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿ ಮನೆಗೆ ಬರುವವಳು ಓದಿ ಪಾಸಾದ, ಸರಕಾರಿ ಸಂಬಳದ ಸೂಲಗಿತ್ತಿ. ಹಿಂದೆ ಆಂಬುಲೆನ್ಸ್ ಇರುತ್ತದೆ. ನಮ್ಮಲ್ಲಿ ಆ 45 ಮಂದಿಯನ್ನು ಯಾವ ಗಾಡಿಯಲ್ಲಿ, ಯಾವ ರಸ್ತೆಯಲ್ಲಿ, ಯಾವ ಬಾಗಿಲಿಗೆ ಒಯ್ಯುವುದು?

ಆದುದರಿಂದ ಮನೆಯೋ ಆಸ್ಪತ್ರೆಯೋ ಎಂಬ ಜಗಳವೇ ನಮ್ಮನ್ನು ದಾರಿ ತಪ್ಪಿಸುವುದಕ್ಕೆ ಹೂಡಿದ್ದು. ಕೇಳಬೇಕಾದದ್ದು ಸೂಲಗಿತ್ತಿಯನ್ನು. ಓದಿದ, ಸಂಬಳವುಳ್ಳ, ಗೌರವವುಳ್ಳ ಸೂಲಗಿತ್ತಿಯನ್ನು. ಕೇಂದ್ರ ಸರಕಾರವೇ 2018ರಲ್ಲಿ ಈ ಮಾತು ಒಪ್ಪಿ, ದಾದಿಯರಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು ಸಹಜ ಹೆರಿಗೆಗಳನ್ನು ಅವರ ಕೈಗೆ ಒಪ್ಪಿಸಬೇಕೆಂದು ಮಾರ್ಗಸೂಚಿ ಅಚ್ಚುಹಾಕಿಸಿತು. ಕಾಗದ ಚೆನ್ನಾಗಿದೆ. ನಮ್ಮ ಊರಿಗೆ ಅಂಥವಳೊಬ್ಬಳೂ ಬಂದಿಲ್ಲ. ಹೆರುವವಳ ಜೊತೆ ಅವಳ ತಾಯಿಯೋ ಅಕ್ಕನೋ ಇದ್ದರೆ ಹೆರಿಗೆ ಸುಲಭವಾಗುತ್ತದೆ, ಚಾಕುವಿಗೆ ಕೆಲಸ ಕಡಿಮೆಯಾಗುತ್ತದೆಂದು ಎಷ್ಟೋ ದೇಶಗಳ ಪರೀಕ್ಷೆಗಳಿಂದ ತಿಳಿದಿದೆ. ಇದಕ್ಕೆ ಖರ್ಚು ಒಂದು ಸ್ಟೂಲು. ಅದೂ ಇಲ್ಲಿಲ್ಲ; ತಾಯಿ ಗೇಟಿನ ಹೊರಗೆ ನಿಂತು ಒಳಗಿನ ಬೈಗುಳ ಕೇಳುತ್ತಾಳೆ. "ಮಾಡ್ಕೊಳ್ಳುವಾಗ ಇರಲಿಲ್ವಾ ನೋವು?" ಎಂಬ ಮಾತನ್ನು ಹೆರಿಗೆ ಕೋಣೆಯಲ್ಲಿ ಕೇಳಿದವರು ನಮ್ಮ ಚಾಳಿನಲ್ಲಿ ಎಷ್ಟು ಮಂದಿಯೆಂದು ಎಣಿಸಹೊರಟೆವು, ಹನ್ನೊಂದಕ್ಕೆ ನಿಲ್ಲಿಸಿದೆವು. ಬೈಯುವ ದಾದಿಯೂ ಮೂವರ ಕೆಲಸ ಒಬ್ಬಳೇ ಮಾಡುವ ಕೂಲಿಯೇ. ಅವಳ ಮೇಲಿನ ಖಾಲಿ ಹುದ್ದೆಗಳನ್ನು ತುಂಬದವರನ್ನು ನಾವು ಮೊದಲು ಕೇಳುತ್ತೇವೆ.

ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಮಿಲ್ಲಿನ ರಾತ್ರಿ ಪಾಳಿ ಬಿಟ್ಟವರೂ ಸಂತೆ ಪೇಟೆಯ ಅಂಗಡಿಕಾರರೂ ಕೂಡಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗತಕ್ಕದ್ದೆಂದು ತೀರ್ಮಾನವಾಗಿದೆ. ಅರ್ಜಿಯಲ್ಲಿ ನಾಲ್ಕೇ ಮಾತು: ಆಸ್ಪತ್ರೆಗೆ ರಾತ್ರಿಯೂ ಅರಿವಳಿಕೆ ಡಾಕ್ಟರು, ತರಬೇತಾದ ಸೂಲಗಿತ್ತಿ ದಾದಿಯರು, ಹೆರುವವಳ ಜೊತೆಗೊಬ್ಬ ಹೆಂಗಸಿಗೆ ಜಾಗ, ಯಾವ ಕಾರ್ಡೂ ಕೇಳದೆ ನೋವು ಬಂದವಳಿಗೆ ಬಾಗಿಲು. ಹೆಂಗಸರು ಹೆಚ್ಚಾಗಿ ಬರಬೇಕು; ಮಕ್ಕಳನ್ನು ನೋಡಿಕೊಳ್ಳಲು ಅಂದು ಗಂಡಸರು ಮನೆಯಲ್ಲಿ ಉಳಿದರೆ ನಷ್ಟವಿಲ್ಲ.

ನೂಲಿನ ಖಾತೆಯ ಆ ಹೆಣ್ಣುಮಗಳೂ ಬರುತ್ತೇನೆಂದಿದ್ದಾಳೆ. ಬಿಸಿಲಿಗೆ ಬೇಡವೆಂದರೂ ಕೇಳಲಿಲ್ಲ. ಅವಳಿಗೆ ದಿನ ತುಂಬುವುದು ಮುಂದಿನ ತಿಂಗಳ ಎರಡನೆಯ ವಾರ. ಅರ್ಜಿಯಲ್ಲಿ ಆ ತಾರೀಖನ್ನೂ ಬರೆದಿದ್ದೇವೆ.